ಸಂಖ್ಯಾಶಾಸ್ತ್ರ ಪಠ್ಯದ ಸುಗಮ್ಯ ಆವೃತ್ತಿ: ಕೆಲಸ ಎಲ್ಲಿಗೆ ಬಂದಿದೆ

ಮುದ್ರಿತ ಪುಟವನ್ನು ಓದಲಾಗದ ಅಥವಾ ಓದಲು ಕಷ್ಟಪಡುವ ಕಾಲೇಜು ವಿದ್ಯಾರ್ಥಿಗಳಿಗಾಗಿ ಸಂಖ್ಯಾಶಾಸ್ತ್ರದ ಆರಂಭಿಕ ಪಠ್ಯವೊಂದನ್ನು ಇಪಬ್ 3 ಎಂಬ ಇ-ಪುಸ್ತಕ ರೂಪಕ್ಕೆ ತರುವ ಕೆಲಸದಲ್ಲಿ ಸ್ಕ್ಯಾನಿಂಗ್, ಒಸಿಆರ್ (ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವುದು) ಮತ್ತು ಕರಡು ತಿದ್ದುವ ಹಂತಗಳು ಮುಗಿದಿವೆ.

ಮುದ್ರಿತ ಪುಟದಲ್ಲಿ ದಪ್ಪ ಅಕ್ಷರವನ್ನು ಕಂಡ ಕೂಡಲೇ ಅದು ಶೀರ್ಷಿಕೆಯೆಂದು ಕಣ್ಣಿಗೆ ತಿಳಿಯುತ್ತದೆ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎಯಂತಹ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅದನ್ನು ಕಡತದಲ್ಲಿಯೇ ಗುರುತಿಸಿ ಹೇಳಬೇಕು. ಹಾಗೆ ಗುರುತಿಸಿದ ಮೇಲೆ 'ಎಚ್' ಕೀಲಿಯನ್ನು ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗಬಹುದು. ಮುದ್ರಿತ ಪ್ರತಿಯ ಪುಟಸಂಖ್ಯೆಗಳನ್ನೂ ಉಳಿಸಿಕೊಂಡಿದ್ದೇನೆ, ಏಕೆಂದರೆ ತರಗತಿಯಲ್ಲಿ ಅಧ್ಯಾಪಕರು ಹೇಳುವುದು ಪುಟದ ಸಂಖ್ಯೆಯನ್ನೇ.

ಚಿತ್ರಗಳಾಗಿದ್ದ ಸೂತ್ರಗಳನ್ನು, ಗಣಿತವನ್ನು ಅದರ ರಚನೆಯೊಂದಿಗೆ ಬರೆಯುವ ಸಂಕೇತಭಾಷೆಯಾದ ಮ್ಯಾಥ್‌ಎಂಎಲ್‌ಗೆ ಬದಲಾಯಿಸುವ ಕೆಲಸ ನಡೆದಿದೆ. ಮಾನಕ ವಿಚಲನೆಯ ಸೂತ್ರದಲ್ಲಿ ವರ್ಗಮೂಲದ ಚಿಹ್ನೆ ಎಲ್ಲಿಯವರೆಗೆ ವ್ಯಾಪಿಸಿದೆ, ಛೇದದಲ್ಲಿರುವುದು ಏನು ಎಂಬುದನ್ನು ಕೇಳುವವರು ಭಾಗಭಾಗವಾಗಿ ಪರೀಕ್ಷಿಸಲು ಇದರಿಂದ ಸಾಧ್ಯವಾಗುತ್ತದೆ. ಪ್ರಸಾಮಾನ್ಯ ವಿತರಣೆಯ ಕೋಷ್ಟಕದಲ್ಲಿ ಅಡ್ಡಸಾಲು, ಕಂಬಸಾಲುಗಳೆರಡರ ಶೀರ್ಷಿಕೆಗಳನ್ನೂ ಗುರುತಿಸಬೇಕಾಯಿತು, 0.9750 ಎಂಬ ಬೆಲೆ 1.9ರ ಸಾಲಿನಲ್ಲಿ 0.06ರ ಕೆಳಗಿದೆ ಎಂಬುದು ತಿಳಿಯದಿದ್ದರೆ ಆ ಕೋಷ್ಟಕ ಕೇವಲ ಅಂಕಿಗಳ ರಾಶಿ.

ನಿಜವಾಗಿ ಯೋಚನೆಗೆ ಹಚ್ಚುತ್ತಿರುವುದು ಚಿತ್ರಗಳ ವಿವರಣೆ. 'ಈ ವಿತರಣೆ ಯಾವ ಕಡೆಗೆ ವಾಲಿದೆ?' ಎಂದು ಕೇಳುವ ಅಭ್ಯಾಸದಲ್ಲಿನ ಹಿಸ್ಟೋಗ್ರಾಂಗೆ (ಆಯತಗಳ ನಕ್ಷೆಗೆ) 'ಬಲಕ್ಕೆ ವಾಲಿದ ವಿತರಣೆ' ಎಂದು ವಿವರಣೆ ಬರೆದರೆ ಉತ್ತರವನ್ನೇ ಕೊಟ್ಟಂತಾಗುತ್ತದೆ, 'ಹಿಸ್ಟೋಗ್ರಾಂನ ಚಿತ್ರ' ಎಂದಷ್ಟೇ ಬರೆದರೆ ಪ್ರಶ್ನೆಯನ್ನೇ ಕಿತ್ತುಕೊಂಡಂತಾಗುತ್ತದೆ. ಆದ್ದರಿಂದ ವರ್ಗಾಂತರಗಳನ್ನೂ ಪ್ರತಿ ಆಯತದ ಎತ್ತರವನ್ನೂ ಕೊಟ್ಟು ತೀರ್ಮಾನವನ್ನು ವಿದ್ಯಾರ್ಥಿಗೇ ಬಿಡುತ್ತಿದ್ದೇನೆ. ಅದೇ ಚಿತ್ರ ಪಾಠದ ನಡುವೆ ಉದಾಹರಣೆಯಾಗಿ ಬಂದಾಗ ಮಾತ್ರ ವಾಲಿಕೆಯನ್ನು ಮೊದಲ ವಾಕ್ಯದಲ್ಲೇ ಹೇಳುತ್ತೇನೆ. ಚಿತ್ರ ಒಂದೇ ಆದರೂ ವಿವರಣೆ ಒಂದೇ ಆಗಿರಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಕ್ಸ್ ಪ್ಲಾಟ್ ಸುಲಭ: ಕನಿಷ್ಠ, ಮೊದಲ ಚತುರ್ಥಕ, ಮಧ್ಯಾಂಕ, ಮೂರನೆಯ ಚತುರ್ಥಕ, ಗರಿಷ್ಠ ಎಂಬ ಐದು ಬೆಲೆಗಳಲ್ಲಿ ಅದರ ತಿರುಳೆಲ್ಲ ಬಂದುಬಿಡುತ್ತದೆ. ಚದುರಿದ ಬಿಂದುಗಳ ಸ್ಕ್ಯಾಟರ್ ಪ್ಲಾಟ್ ಹಾಗಲ್ಲ. ಎಷ್ಟು ಬರೆದರೂ ಮಾತಿಗೆ ಸಿಕ್ಕದ ಅಂಥವನ್ನು ಬಿಸಿಗೆ ಕಪ್ಪು ಗೆರೆಗಳು ಉಬ್ಬುವ ವಿಶೇಷ ಕಾಗದದ ಮೇಲೆ ಮುದ್ರಿಸಿ, ಬೆರಳಿನಿಂದ ಓದುವಂತೆ ಮಾಡಲು ಬೇರೆಯಾಗಿ ತೆಗೆದಿಟ್ಟಿದ್ದೇನೆ.

ಮಂದದೃಷ್ಟಿಯವರಿಗಾಗಿ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಹೊಳಪಿನ ವ್ಯತ್ಯಾಸವನ್ನು (ಕಾಂಟ್ರಾಸ್ಟ್) ಜಾಲ ಸುಗಮ್ಯತೆಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಕೇಳುವ 4.5:1ಕ್ಕಿಂತ ಮೇಲಿಟ್ಟಿದ್ದೇನೆ. ಬಣ್ಣದಿಂದ ಮಾತ್ರ ಬೇರೆಯಾಗಿದ್ದ ರೇಖೆಗಳಲ್ಲಿ ಒಂದನ್ನು ತುಂಡುಗೆರೆಯಾಗಿ ಮಾಡಿದ್ದೂ ಆಯಿತು.

ಮುಂದಿನದು ಪರಿಶೀಲನೆ. ಸುಗಮ್ಯ ಪುಸ್ತಕಗಳಿಗಾಗಿ ದುಡಿಯುವ ಡೈಸಿ ಒಕ್ಕೂಟದ, ಇಪಬ್ ಕಡತಗಳನ್ನು ಪರೀಕ್ಷಿಸುವ 'ಏಸ್' ತಂತ್ರಾಂಶ ವಿವರಣೆಯಿಲ್ಲದ ಚಿತ್ರವನ್ನು ಹಿಡಿದು ತೋರಿಸುತ್ತದೆಯೇ ಹೊರತು ಇರುವ ವಿವರಣೆ ಸರಿಯೇ ಎಂಬುದನ್ನು ಹೇಳಲಾರದು. ಹಾಗಾಗಿ ಸಂಭವನೀಯತೆಯ ಅಧ್ಯಾಯವನ್ನು ಮೊದಲು ಸಿದ್ಧಪಡಿಸಿ, ಸ್ಕ್ರೀನ್ ರೀಡರ್ ಬಳಸುವ ವಿದ್ಯಾರ್ಥಿಗಳು ಅದರ ಅಭ್ಯಾಸಗಳನ್ನು ಬಿಡಿಸಿ ನೋಡಿದ ಬಳಿಕವೇ ಉಳಿದ ಅಧ್ಯಾಯಗಳ ಚಿತ್ರಗಳಿಗೆ ಕೈಹಾಕುತ್ತೇನೆ.