ಬೀರುವಿನಲ್ಲಿ ನುಸಿ

ಜನವರಿ 18, 2026, ಭಾನುವಾರ

ಇವತ್ತು ಬೀರು ಪೂರ್ತಿ ಖಾಲಿ ಮಾಡಿದೆ. ಶಾಲು, ಸ್ವೆಟರ್, ಮಫ್ಲರ್ ಎಲ್ಲಾ ಮಂಚದ ಮೇಲೆ ರಾಶಿ. ಕೆಂಪು ಸ್ವೆಟರಿನ ಕಾಲರ್ ಬಿಡಿಸಿ ನೋಡಿದರೆ ಮಡಿಕೆಯೊಳಗೆ ತೆಳ್ಳಗೆ ಬಿಳಿ ಬಲೆ, ಅದರೊಳಗೆ ಕೆನೆ ಬಣ್ಣದ ಪುಟ್ಟ ಹುಳು, ತಲೆ ಮಾತ್ರ ಕಂದು. ಸುತ್ತಲೂ ಮರಳಿನಂಥ ಹಿಕ್ಕೆ. ಅದೂ ಕೆಂಪಗಿತ್ತು! ತಿಂದ ಉಣ್ಣೆಯ ಬಣ್ಣವೇ ಹಿಕ್ಕೆಗೂ ಬರುತ್ತದೆ.

ಕೆಲವು ದಿನಗಳಿಂದ ಮನೆಯಲ್ಲಿ ಗೋಧಿ ಬಣ್ಣದ ಸಣ್ಣ ಪತಂಗ, ಅಂದರೆ ಈ ನುಸಿಯೇ, ಹಾರಾಡುತ್ತಿತ್ತು, ಎಲ್ಲರೂ ಚಪ್ಪಾಳೆ ಹೊಡೆದು ಸಾಯಿಸುತ್ತಿದ್ದರು. ಅದರಿಂದ ಪ್ರಯೋಜನ ಕಮ್ಮಿ. ಹಾರಾಡುವ ಪತಂಗ ಬಟ್ಟೆ ತಿನ್ನುವುದಿಲ್ಲ, ಅದಕ್ಕೆ ತಿನ್ನುವ ಬಾಯೇ ಇಲ್ಲ. ತಿನ್ನುವುದು ಮರಿ ಹುಳು. ಹಾರುವವು ಹೆಚ್ಚಾಗಿ ಗಂಡು. ಹೆಣ್ಣು ಮಡಿಕೆಗಳಲ್ಲಿ ಓಡಾಡಿಕೊಂಡು 40–50 ಮೊಟ್ಟೆ ಇಟ್ಟು ಸಾಯುತ್ತದೆ. ಇವಕ್ಕೆ ಬೆಳಕು ಕಂಡರೆ ಆಗುವುದಿಲ್ಲ, ಹಾಗಾಗಿ ದೀಪದ ಸುತ್ತ ಸುತ್ತುವ ಹುಳ ನೋಡಿ ಗಾಬರಿಯಾಗಬೇಕಿಲ್ಲ, ಅದು ಬೇರೆ ಜಾತಿ.

ಉಣ್ಣೆ, ಕೂದಲು, ಗರಿ, ಇವುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಈ ಹುಳುಗಳ ಊಟ. ರೇಷ್ಮೆಯನ್ನೂ ಬಿಡುವುದಿಲ್ಲ. ಬರೀ ಹತ್ತಿ ಬಟ್ಟೆ ಬೇಡ, ಆದರೆ ಬೆವರೋ ಸಾರಿನ ಕಲೆಯೋ ಇದ್ದರೆ ಅದಕ್ಕೂ ಬಾಯಿ ಹಾಕುತ್ತವೆ. ತೂತುಗಳೆಲ್ಲ ಕಾಲರಿನಲ್ಲಿ, ಕಂಕುಳಲ್ಲಿ ಜಾಸ್ತಿ ಇದ್ದದ್ದು ಅದಕ್ಕೇ. "ಒಂದೇ ಸಲ ಹಾಕಿದ್ದು, ಹಾಗೇ ಮಡಚಿಡು" ಅನ್ನುವವರು ಈ ಮನೆಯಲ್ಲಿ ಇದ್ದಾರೆ, ಹೆಸರು ಬೇಡ.

ಅಮ್ಮನಿಗೆ ಫೋನ್ ಮಾಡಿದರೆ, "ನಾಲ್ಕು ನುಸಿಗುಳಿಗೆ ಹಾಕು, ಸುಮ್ನೆ ಯಾಕೆ ಒದ್ದಾಡ್ತೀಯ?" ಅಂದರು. ಗುಳಿಗೆ ಕೆಲಸ ಮಾಡುವುದು ಗಾಳಿಯಾಡದ ಡಬ್ಬದಲ್ಲಿ, ಆವಿ ಒಳಗೇ ತುಂಬಿಕೊಂಡಾಗ. ದಿನಾ ಹತ್ತು ಸಲ ತೆಗೆಯುವ ಬೀರುವಿನಲ್ಲಿ ವಾಸನೆ ನಮ್ಮ ಮೂಗಿಗೆ, ಹುಳು ಆರಾಮ. ಮೇಲಾಗಿ ಮಕ್ಕಳು ಪೆಪ್ಪರ್‌ಮಿಂಟ್ ಅಂದುಕೊಂಡು ಬಾಯಿಗೆ ಹಾಕಿಕೊಂಡರೆ ಅಪಾಯ, ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡುವ ಒಂದು ಕಿಣ್ವ) ಹುಟ್ಟಿನಿಂದಲೇ ಕಮ್ಮಿ ಇರುವ ಮಕ್ಕಳಿಗಂತೂ ಕೆಂಪು ರಕ್ತಕಣಗಳೇ ಒಡೆಯಬಹುದು. ನನಗೆ ಬೇಡವೇ ಬೇಡ. ಹೆಣ್ಣು ಪತಂಗದ ವಾಸನೆ (ಫೆರೊಮೋನ್) ಹಚ್ಚಿದ ಅಂಟಿನ ಬಲೆಯೂ ಸಿಗುತ್ತದೆ, ಆದರೆ ಅದಕ್ಕೆ ಬೀಳುವುದು ಗಂಡು ಮಾತ್ರ. ನುಸಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಅಷ್ಟೆ.

ನಂಬಬಹುದಾದದ್ದು ಚಳಿ ಮತ್ತು ಬಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಫ್ರಿಜ್ಜಿನ ಕೆಳಗಿನ ತಟ್ಟೆಗಳಲ್ಲಿಟ್ಟರೆ ಏನೂ ಆಗುವುದಿಲ್ಲ. 55 ಡಿಗ್ರಿ ಬಿಸಿಯೂ ಸಾಕು, ಆದರೆ ಉಣ್ಣೆಯನ್ನು ಬಿಸಿನೀರಿಗೆ ಹಾಕಿದರೆ ಸ್ವೆಟರ್ ಗೊಂಬೆಗಷ್ಟೇ ಆಗುತ್ತದೆ ಅಲ್ವಾ? ಬಿಸಿಲಿಗೆ ಹಾಕುವುದೂ ಒಳ್ಳೆಯದೇ, ಆದರೆ ಸುಮ್ಮನೆ ಹರವಿದರೆ ಸಾಲದು, ಹೊಲಿಗೆ, ಜೇಬು ಎಲ್ಲಾ ಬ್ರಷ್‌ನಿಂದ ಉಜ್ಜಿ ಕೊಡವಬೇಕು. ಇಲ್ಲದಿದ್ದರೆ ಹುಳು ನೆರಳಿರುವ ಮಡಿಕೆಗೆ ಜಾರಿಕೊಳ್ಳುತ್ತದೆ.

ಆಮೇಲೆ ಮಂಚ ಸರಿಸಿದೆ. ಅಸಲಿ ಗೂಡು ಅಲ್ಲೇ ಇತ್ತು, ಗೋಡೆಗೆ ತಾಗಿಕೊಂಡಿದ್ದ ಉಣ್ಣೆ ಕಾರ್ಪೆಟ್ಟಿನ ಅಂಚಿನಲ್ಲಿ. ಕಾಲು ಬೀಳದ, ಪೊರಕೆ ಮುಟ್ಟದ ಜಾಗ. ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು, ಬೆರಳಾಡಿಸಿದರೆ ನೂಲು ಗೊಂಚಲು ಗೊಂಚಲಾಗಿ ಕಿತ್ತು ಬಂತು. ಬೀರು ಎಷ್ಟೇ ಉಜ್ಜಿದರೂ ಇದು ಇಲ್ಲಿದ್ದರೆ ಮತ್ತೆ ಶುರು. ಆ ಅಂಚು ಕತ್ತರಿಸಿ ಬಿಸಾಡಿ, ಬೀರುವಿನ ಸಂದು, ಮಂಚದಡಿ ಎಲ್ಲಾ ವ್ಯಾಕ್ಯೂಮ್ ಹಾಕಿ, ಧೂಳಿನ ಚೀಲವನ್ನು ಕಟ್ಟಿ ಕೂಡಲೇ ಹೊರಗೆ ಹಾಕಿದೆ. ಮನೆಯೊಳಗೇ ಬಿಟ್ಟರೆ ಹುಳು ಅಲ್ಲೇ ಕೂದಲು ತಿಂದುಕೊಂಡು ಬೆಳೆಯುತ್ತದೆ.

ಈಗ ಫ್ರೀಜರ್ ತುಂಬಾ ಸ್ವೆಟರ್. ಐಸ್ ಟ್ರೇಗೆ ಜಾಗ ಇಲ್ಲ ಅಂತ ಗೊಣಗಾಟ ಶುರುವಾಗಿದೆ. ಶಾಲುಗಳ ಸರದಿ ಮುಂದಿನ ಭಾನುವಾರ, ಅಲ್ಲಿಯವರೆಗೆ ಅವು ಕಟ್ಟಿದ ಚೀಲದಲ್ಲೇ ಇರಲಿ.