ಮರಳಿ ಬಂದವರು

ಮಲ್ಪೆ ಕಡಲು ಇವತ್ತು ಕೆಸರು ಬಣ್ಣಕ್ಕೆ ತಿರುಗಿದೆ. ಸೇಂಟ್ ಮೇರೀಸ್ ದ್ವೀಪ ಕಣ್ಣೆದುರಿಗೇ ಇದ್ದರೂ ಮಳೆಗಾಲ ಮುಗಿಯುವವರೆಗೆ ದೋಣಿ ಇಲ್ಲ. ಅದನ್ನು ನೋಡುತ್ತಾ ಕುಳಿತಾಗ ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಹಾ ನೆನಪಾಯಿತು. ಇಡೀ ದ್ವೀಪಕ್ಕೆ ಒಂದೇ ಊರು, 250ಕ್ಕಿಂತ ಕಡಿಮೆ ಜನ. ವಿಮಾನವಿಲ್ಲ, ಕೇಪ್‌ಟೌನಿನಿಂದ ಹಡಗಿನಲ್ಲಿ ಸುಮಾರು ಒಂದು ವಾರ. ಜನವಸತಿಯಿರುವ ಹತ್ತಿರದ ನೆರೆ ಎಂದರೆ 2,400 ಕಿ.ಮೀ. ಆಚೆಯ ಸೇಂಟ್ ಹೆಲೆನಾ!

1961ರಲ್ಲಿ ಊರಿನ ಪಕ್ಕದಲ್ಲೇ ಜ್ವಾಲಾಮುಖಿ ಬಾಯಿ ತೆರೆಯಿತು. ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ಮನೆ, ಕೆಲಸ ಎಲ್ಲವೂ ಸಿಕ್ಕಿತು. ಆದರೂ 1963ರಲ್ಲಿ ಬಹುತೇಕರು ಹಿಂದಿರುಗಿದರು. ಮೋಡ ಹೊದ್ದ 2,062 ಮೀಟರ್ ಎತ್ತರದ ಬೆಟ್ಟದ ಬುಡಕ್ಕೆ, ಗಾಳಿ ತಡೆಯಲು ಕಲ್ಲಿನ ಗೋಡೆ ಕಟ್ಟಿದ ಆಲೂಗಡ್ಡೆ ಹೊಲಗಳಿಗೆ. ಆ ಗೋಡೆಗಳ ಚಿತ್ರ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಮ್ಮನನ್ನು ಅಣ್ಣ ಮುಂಬಯಿಗೆ ಕರೆದುಕೊಂಡು ಹೋಗಿದ್ದ. ಹದಿನೈದೇ ದಿನ. ಅಲೆಯ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂದು ವಾಪಸು ಬಂದರು. ಈಗ ಜಗಲಿಯಲ್ಲಿ ಕುಳಿತು, ನಾಡದೋಣಿಯವರು ತಂದ ಬಂಗುಡೆಯ ಕಿವಿರು ಬಿಡಿಸಿ ಕೆಂಪಗಿದೆಯೇ ಎಂದು ನೋಡುತ್ತಿದ್ದಾರೆ.