ವಿಯೆಟ್ನಾಮಿಗೆ ಜೋಡಿಯಾಗಿ ಹೋಗುವವರಿಗೆ: ಪ್ರೀತಿಯ ಮಾತನ್ನು ಮೊಬೈಲಿನಿಂದ ಕಲಿಯಬೇಡಿ

ವಿಯೆಟ್ನಾಮಿಗೆ ಗಂಡ ಹೆಂಡತಿ ಇಬ್ಬರೇ ಹೋಗುತ್ತಿದ್ದರೆ ನನ್ನದೊಂದು ಮಾತು ಕೇಳಿ. ಮೊಬೈಲಿನ ಅನುವಾದ ನಂಬಿ ಬಟ್ಟೆಯ ಮೇಲೆ ಏನನ್ನೂ ಕಸೂತಿ ಹಾಕಿಸಬೇಡಿ. ನಾವು ಹಾಕಿಸಿದೆವು. ಮದುವೆಯಾಗಿ 25 ವರ್ಷ ತುಂಬಿದ ನೆನಪಿಗೆ ಹೊಯಿ ಆನ್ ಪೇಟೆಯಲ್ಲಿ ಒಂದು ರೇಷ್ಮೆ ಬಟ್ಟೆಯ ಮೇಲೆ ಕೆಂಪು ನೂಲಿನಲ್ಲಿ ‘ತೋಯ್ ಇಯೆವ್ ಬಾನ್’ ಎಂದು ಬರೆಸಿದೆವು. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದಕ್ಕೆ ಮೊಬೈಲ್ ಕೊಟ್ಟ ಮಾತು ಅದು. ಅಂಗಡಿಯ ಹುಡುಗಿ ಸೂಜಿ ಹಿಡಿದುಕೊಂಡೇ ಒಂದು ಗಳಿಗೆ ನಮ್ಮಿಬ್ಬರ ಮುಖ ನೋಡಿದಳು, ಏನೂ ಹೇಳದೆ ಹೊಲಿದುಕೊಟ್ಟಳು. ನಾಲ್ಕು ಲಕ್ಷ ಡಾಂಗ್, ನಮ್ಮ ಲೆಕ್ಕದಲ್ಲಿ ಸುಮಾರು 1,300 ರೂಪಾಯಿ. ಸಂಜೆ ಅದನ್ನು ನಾವು ಉಳಿದುಕೊಂಡಿದ್ದ ಮನೆಯ ಒಡತಿಗೆ ತೋರಿಸಿದೆ. ಆಕೆ ಓದಿ, ಬಟ್ಟೆಯನ್ನು ಅಂದವಾಗಿ ಮಡಚಿ ನನ್ನ ಕೈಗಿಟ್ಟು ಹೇಳಿದರು: “ಅಕ್ಕಾ, ಇದು ಗಂಡ ಹೆಂಡತಿಗೆ ಹೇಳುವ ಮಾತಲ್ಲ.”

‘ತೋಯ್’ ಎಂದರೆ ಕಚೇರಿಯಲ್ಲಿ, ಗುರುತಿಲ್ಲದವರ ಎದುರು ಬಳಸುವ ‘ನಾನು’. ‘ಬಾನ್’ ಎಂದರೆ ಗೆಳೆಯ, ಗೆಳತಿ. ವಾಕ್ಯದಲ್ಲಿ ತಪ್ಪಿಲ್ಲ, ಆದರೆ ಅದನ್ನು ಹೆಂಡತಿಗೆ ಹೇಳಿದರೆ ಅರ್ಜಿ ಬರೆದ ಹಾಗಾಗುತ್ತದೆ. 25 ವರ್ಷ ಜೊತೆಗಿದ್ದವರು ಹೇಳಿಕೊಳ್ಳುವ ಮಾತು ಬೇರೆಯೇ ಇದೆ. ಅದು ಯಾವುದೆಂದು ಗೊತ್ತಾಗಲು ನಮಗೆ ಒಂದು ಕೆಟ್ಟ ಬಸ್ ಪ್ರಯಾಣ, ಕಳೆದುಹೋದ ಒಂದು ನೋಟು ಮತ್ತು ಊಟದ ಒಂದು ಪುಟ್ಟ ಅಂಗಡಿ ಬೇಕಾಯಿತು.

ವೀಸಾ, ವಿಮಾನ, ಹೋಟೆಲುಗಳ ವಿವರ ಎಲ್ಲಿ ಬೇಕಾದರೂ ಸಿಗುತ್ತದೆ, ನಾನು ಬರೆಯುವುದಿಲ್ಲ. ಬಸ್ಸಿನ ಬಗ್ಗೆ ಮಾತ್ರ ಬರೆಯಲೇಬೇಕು. ಹನೋಯ್‌ನಿಂದ ಹ್ವೇಗೆ ರಾತ್ರಿ ಬಸ್ ಹಿಡಿದೆವು. ಟಿಕೆಟ್ ಮಾರಿದವನು ಇಬ್ಬರೂ ಜೊತೆಗೆ ಮಲಗುವ ಪರದೆಯ ಕ್ಯಾಬಿನ್ ಇರುವ ಬಸ್ಸಿನ ಚಿತ್ರ ತೋರಿಸಿ, ಅದಕ್ಕೆ ತಕ್ಕ ಹಣವನ್ನೂ ಪಡೆದಿದ್ದ. ಬಂದದ್ದು ಹಳೆಯ ಮಾದರಿಯ ಬಸ್. ಮೂರು ಸಾಲು, ಎರಡು ಅಂತಸ್ತು, ಒಬ್ಬೊಬ್ಬರಿಗೆ ತೊಟ್ಟಿಲಿನಂಥ ಒಂದೊಂದು ಆಸನ. ಕಾಲನ್ನು ಮುಂದಿನವರ ಬೆನ್ನಿನಡಿಯ ಪೆಟ್ಟಿಗೆಯೊಳಗೆ ತೂರಿಸಿಕೊಳ್ಳಬೇಕು. ಹತ್ತುವಾಗಲೇ ಚಪ್ಪಲಿ ಬಿಚ್ಚಿಸಿ ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ನನಗೆ ನಡುಸಾಲಿನ ಕೆಳಗಿನ ಜಾಗ, ಇವರಿಗೆ ಕಿಟಕಿ ಸಾಲಿನ ಮೇಲಿನ ಜಾಗ. ಇವರು ಆರಡಿ ಎತ್ತರ. ಹದಿಮೂರು ಗಂಟೆ ಮಂಡಿ ಮಡಚಿಕೊಂಡೇ ಮಲಗಿದ್ದರು. ರಾತ್ರಿಯೆಲ್ಲ ಆಗಾಗ ಮೇಲಿನಿಂದ ಒಂದು ಕೈ ಇಳಿಬಿದ್ದು ನನ್ನ ಹೊದಿಕೆಯನ್ನು ಮುಟ್ಟಿ ನೋಡಿ ಹೋಗುತ್ತಿತ್ತು.

ಜೋಡಿಯಾಗಿ ಹೋಗುವವರು ದಯವಿಟ್ಟು ರೈಲು ಹಿಡಿಯಿರಿ. ಹನೋಯ್‌ನಿಂದ ಹೋ ಚಿ ಮಿನ್ ನಗರದವರೆಗೆ 1,726 ಕಿಲೋಮೀಟರ್ ಉದ್ದದ ಒಂದೇ ಹಳಿ ಇದೆ, ನಾಲ್ಕು ಮಂಚದ ಕೋಣೆಗಳಲ್ಲಿ ಎದುರುಬದುರಾಗಿ ಮಲಗಬಹುದು. ಹ್ವೇಯಿಂದ ದಾ ನಾಂಗ್‌ಗೆ ನಾವು ರೈಲಿನಲ್ಲೇ ಹೋದೆವು. ನೂರು ಕಿಲೋಮೀಟರ್‌ಗೆ ಮೂರು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಹಾಯ್ ವಾನ್ ಬೆಟ್ಟದ ಬುಡದಲ್ಲಿ ರೈಲು ಸಮುದ್ರದ ಅಂಚಿನಲ್ಲೇ ತೆವಳುತ್ತದೆ. ಎಡಗಡೆಯ ಕಿಟಕಿ ಕೇಳಿ ಪಡೆಯಿರಿ.

ಬಸ್ಸಿನಿಂದ ಒಂದು ಲಾಭವಾಯಿತು. ಪಕ್ಕದ ಆಸನದ ಹುಡುಗಿ ಬಸ್ ಹೊರಡುವ ಮುನ್ನ ಫೋನಿನಲ್ಲಿ ಅಳುತ್ತಾ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ನನ್ನ ಕಿವಿಗೆ ಅದು ‘ಎಮ್ ಞಾ ಆಞ್’ ಎಂದು ಕೇಳಿಸಿತು. ಶಾಲೆಯಲ್ಲಿ ನಾವೆಲ್ಲ ಙ, ಞ ಎಂದು ರಾಗವಾಗಿ ಹೇಳಿ ಕಲಿತಿದ್ದೇವೆ, ಆ ಅಕ್ಷರಗಳಿಂದ ಶುರುವಾಗುವ ಒಂದು ಕನ್ನಡ ಪದ ಹೇಳಿ ಎಂದರೆ ತಡಕಾಡುತ್ತೇವೆ. ಇಲ್ಲಿ ಆ ಎರಡೂ ದಿನನಿತ್ಯದ ಅಕ್ಷರಗಳು. ಅವರಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಶುರುವಾಗುವುದೇ ಙ ಧ್ವನಿಯಿಂದ. ಕನ್ನಡ ಓದಲು ಬಲ್ಲವರು ವಿಯೆಟ್ನಾಮಿ ಪದಗಳನ್ನು ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ, ರೋಮನ್ ಅಕ್ಷರ ನೋಡಿ ಓದುವುದಕ್ಕಿಂತ ಹತ್ತಿರದ ಉಚ್ಚಾರಣೆ ಬರುತ್ತದೆ.

ಆ ಹುಡುಗಿಯ ಮಾತಿನ ಅರ್ಥವನ್ನು ಆಮೇಲೆ ಹೊಯಿ ಆನ್‌ನ ಮನೆಯೊಡತಿ ಹೇಳಿದರು: ‘ನನಗೆ ನಿನ್ನ ನೆನಪಾಗುತ್ತಿದೆ.’ ‘ಞಾ’ ಎಂದರೆ ನೆನಪಿಡುವುದೂ ಹೌದು, ಅಗಲಿಕೆಯಲ್ಲಿ ಹಂಬಲಿಸುವುದೂ ಹೌದು. ಕನ್ನಡದಲ್ಲಿಯೂ ಹಾಗೆಯೇ ಅಲ್ಲವೇ? ದೂರದಲ್ಲಿರುವವರಿಗೆ ‘ನಿನ್ನ ನೆನಪಾಗುತ್ತಿದೆ’ ಎಂದರೆ ಸಾಕು, ಬೇರೆ ಪದವೇ ಬೇಡ. ಇಂಗ್ಲಿಷಿನ ಮೂಲಕ ಹೋಗಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ.

ಹ್ವೇಯಲ್ಲಿ ಎರಡು ದಿನವೂ ಜಿಟಿಜಿಟಿ ಮಳೆ. ಅದನ್ನು ಬಿಡುತ್ತೇನೆ.

ಹೊಯಿ ಆನ್ ಹಳೆಯ ಪೇಟೆ 1999ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಹೀಗಾಗಿ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ನನಗೆ ಜನಜಂಗುಳಿ ಆಗದು. ಅವರ ಚಾಂದ್ರಮಾನ ತಿಂಗಳ 14ನೆಯ ರಾತ್ರಿ, ಅಂದರೆ ಹೆಚ್ಚುಕಡಿಮೆ ನಮ್ಮ ಹುಣ್ಣಿಮೆಯ ಹಿಂದಿನ ರಾತ್ರಿ, ಪೇಟೆಯ ವಿದ್ಯುತ್ ದೀಪ ಆರಿಸಿ ಬಣ್ಣದ ಗೂಡುದೀಪ ಹಚ್ಚುತ್ತಾರೆ. ಪ್ರೇಮಿಗಳಿಗೆ ಇದೇ ದಿನ ಎಂದು ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ಸೇತುವೆಯ ಮೇಲೆ ಅರ್ಧ ಗಂಟೆ ಜನರ ನಡುವೆ ಸಿಕ್ಕಿಕೊಂಡೆವು, ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಪೇಟೆ ನೋಡಬೇಕೆಂದರೆ ಬೆಳಿಗ್ಗೆ ಆರಕ್ಕೆ ಹೋಗಿ. ಹಳದಿ ಗೋಡೆಗಳ ಮುಂದೆ ಮದುವೆಯ ಚಿತ್ರ ತೆಗೆಸಿಕೊಳ್ಳುವ ಒಂದೆರಡು ಜೋಡಿ ಬಿಟ್ಟರೆ ಬೀದಿ ನಿಮ್ಮದೇ.

ಅದೇ ರಾತ್ರಿ ಮೋಸವೂ ಆಯಿತು. ವಿಯೆಟ್ನಾಮಿನ 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಒಂದು ನಮ್ಮ ಅರವತ್ತೈದು ರೂಪಾಯಿ, ಇನ್ನೊಂದು ಸಾವಿರದ ಆರುನೂರಕ್ಕೂ ಹೆಚ್ಚು. ನದಿಯಲ್ಲಿ ತೇಲಿಬಿಡುವ ಕಾಗದದ ದೀಪ ಕೊಂಡು ಇವರು ಕತ್ತಲಲ್ಲಿ ನೀಲಿ ನೋಟು ಕೊಟ್ಟರು. ದೀಪ ಮಾರುವವಳು ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಮಡಚಿ ಸೊಂಟಕ್ಕೆ ಸಿಕ್ಕಿಸಿ ಗುಂಪಿನಲ್ಲಿ ಮರೆಯಾದಳು. ಕೋಣೆಗೆ ಬಂದು ಲೆಕ್ಕ ಹಾಕಿದಾಗಲೇ ಗೊತ್ತಾದದ್ದು. 20 ಸಾವಿರದ ನೋಟಿನ ಹಿಂಬದಿಯಲ್ಲಿ ಹೊಯಿ ಆನ್‌ನ ಜಪಾನಿ ಸೇತುವೆಯ ಚಿತ್ರವಿದೆ. ಸೇತುವೆ ಕಂಡರೆ ಮಾತ್ರ ಕೊಡಿ, ಕಾಣದಿದ್ದರೆ ಕೈ ಹಿಂದಕ್ಕೆಳೆಯಿರಿ. 5 ಲಕ್ಷದ ನೋಟುಗಳನ್ನು ಬೇರೆ ಪರ್ಸಿನಲ್ಲಿಡಿ. ದೋಣಿಗೂ ದಡದಲ್ಲಿ ಕೈಹಿಡಿದೆಳೆಯುವವರ ಜೊತೆ ಹೋಗಬೇಡಿ, ಟಿಕೆಟ್ ಕೌಂಟರಿನಲ್ಲೇ ಕೊಳ್ಳಿ. ನಾವು ಹೋದಾಗ ಇಬ್ಬರ ದೋಣಿಗೆ ಅಲ್ಲಿ ಒಂದೂವರೆ ಲಕ್ಷ ಡಾಂಗ್ ಇತ್ತು, ದಡದವರು ಅದರ ಎರಡರಷ್ಟು ಕೇಳುತ್ತಿದ್ದರು.

ನೋಟು ಕಳೆದುಕೊಂಡ ಬೇಸರದಲ್ಲಿ ಮನೆಯೊಡತಿಯ ಅಡುಗೆಮನೆಯಲ್ಲಿ ಕುಳಿತಾಗಲೇ ಪಾಠ ಮುಂದುವರಿಯಿತು. ಮೊದಲ ದಿನ ಆಕೆ ಬಾಗಿಲಲ್ಲೇ ನನ್ನ ವಯಸ್ಸು ಕೇಳಿದ್ದರು. ನೀವೂ ಬೇಸರಪಡಬೇಡಿ. ಎದುರಿನವರ ವಯಸ್ಸು ತಿಳಿಯದೆ ಅವರಿಗೆ ‘ನಾನು’, ‘ನೀನು’ ಎನ್ನಲೂ ಬಾರದು. ನಾನು ದೊಡ್ಡವಳಾದ್ದರಿಂದ ‘ಚಿ’, ಅಂದರೆ ಅಕ್ಕ ಆದೆ. ಗಂಡ ಹೆಂಡತಿಯ ನಡುವೆ ಗಂಡ ‘ಆಞ್’, ಹೆಂಡತಿ ‘ಎಮ್’. ಆಞ್ ಎಂದರೆ ಅಣ್ಣ, ಎಮ್ ಎಂದರೆ ತಮ್ಮ ಅಥವಾ ತಂಗಿ. ನಮಗೆ ಕೇಳಿದರೆ ಗಾಬರಿ, ಅವರಿಗೆ ಅದರಲ್ಲಿ ಏನೂ ಇಲ್ಲ. ಗಂಡ ಹೇಳುವುದಾದರೆ ‘ಆಞ್ ಇಯೆವ್ ಎಮ್’, ಹೆಂಡತಿ ಹೇಳುವುದಾದರೆ ‘ಎಮ್ ಇಯೆವ್ ಆಞ್’. ಮೂರೂ ಪದಗಳಿಗೆ ಸಮ ಸ್ವರ, ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಸ್ವರ ತಪ್ಪಿದರೆ ಅರ್ಥವೇ ಬದಲಾಗುವ ಭಾಷೆಯಲ್ಲಿ ಪರದೇಶಿಯೊಬ್ಬ ಧೈರ್ಯವಾಗಿ ಹೇಳಬಹುದಾದ ಮಾತು ಇದು.

“ಆದರೆ ನಿಮ್ಮ ವಯಸ್ಸಿಗೆ ‘ಇಯೆವ್’ ಬೇಡ, ‘ಥುಅಂಗ್’ ಎನ್ನಿ” ಎಂದರು. ಆರಂಭದಲ್ಲಿ ನಮ್ಮ ಮಹಾಪ್ರಾಣ ಥ, ಕೊನೆಯಲ್ಲಿ ಙ. ಪ್ರೀತಿ, ಅಕ್ಕರೆ, ಮರುಕ ಮೂರೂ ಒಂದರಲ್ಲೇ ಇರುವ ಪದ. ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರ ಮೇಲೆ ಇರುವುದು ಥುಅಂಗ್ ಎಂದು ಆಕೆ ವಿವರಿಸಿದರು. ನನಗೆ ಬಸ್ಸಿನಲ್ಲಿ ಮೇಲಿನಿಂದ ಇಳಿಬಂದ ಕೈ ನೆನಪಾಯಿತು.

ಒಂದು ಮಾತ್ರ ನನಗೆ ಹಿಡಿಸಲಿಲ್ಲ. ನಾನು ಇವರಿಗಿಂತ ಹದಿನಾಲ್ಕು ತಿಂಗಳು ದೊಡ್ಡವಳು. ಮದುವೆಯ ಕಾಲದಲ್ಲಿ ಎರಡೂ ಮನೆಗಳಲ್ಲಿ ಇದು ದೊಡ್ಡ ಮಾತಾಗಿತ್ತು. ಹಾಗಿದ್ದರೆ ನಾನು ಎಮ್ ಹೇಗಾಗುತ್ತೇನೆ ಎಂದು ಕೇಳಿದೆ. ವಯಸ್ಸು ಎಷ್ಟಾದರೂ ಸಾಮಾನ್ಯವಾಗಿ ಹೆಂಡತಿಯೇ ಎಮ್ ಎಂದರು ಮನೆಯೊಡತಿ. ನಮ್ಮಲ್ಲಿಯೂ ಹಾಗೆಯೇ. 25 ವರ್ಷದಿಂದ ನಾನು ‘ರೀ’ ಎನ್ನುತ್ತೇನೆ, ಇವರು ‘ನೀನು’ ಎನ್ನುತ್ತಾರೆ. ಇದನ್ನು ನಾನು ಒಪ್ಪಿಕೊಂಡು ಬದುಕಿದ್ದೇನೆ ನಿಜ, ಆದರೆ ಹೊಸ ಭಾಷೆಯಲ್ಲಿಯೂ ಅದನ್ನೇ ಹೊತ್ತುಕೊಳ್ಳಲು ಮನಸ್ಸಾಗಲಿಲ್ಲ.

ಮರುದಿನ ಹುಣ್ಣಿಮೆ. ಅಲ್ಲಿನ ಬೌದ್ಧರು ಹುಣ್ಣಿಮೆಯಂದು ಮತ್ತು ಚಾಂದ್ರಮಾನ ತಿಂಗಳ ಮೊದಲ ದಿನ ಸಸ್ಯಾಹಾರ ಮಾಡುತ್ತಾರೆ. ಫಲಕದ ಮೇಲೆ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಕಂಡರೆ ನಿಶ್ಚಿಂತೆಯಿಂದ ಒಳಗೆ ಹೋಗಿ. ‘ಚಾಯ್’ ಎಂದರೆ ಅಲ್ಲಿ ಚಹಾ ಅಲ್ಲ, ಸಸ್ಯಾಹಾರ. ಮಾಂಸ ಬೇಡ ಎಂದು ಮಾತ್ರ ಹೇಳಿದರೆ ಮೀನಿನ ಸಾರ ಹಾಕಿಯೇ ಹಾಕುತ್ತಾರೆ, ‘ಆನ್ ಚಾಯ್’ ಎಂದರೆ ಹಾಕುವುದಿಲ್ಲ. ಹಲವು ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ.

ಹಳೆಯ ಪೇಟೆಯಿಂದ ಹತ್ತು ನಿಮಿಷ ದೂರದ ಓಣಿಯಲ್ಲಿ ಒಬ್ಬ ಅಜ್ಜ ಅಜ್ಜಿ ನಡೆಸುವ ಅಂಗಡಿಗೆ ಮನೆಯೊಡತಿ ಕಳುಹಿಸಿದರು. ನಾಲ್ಕು ಗಿಡ್ಡ ಮೇಜು, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು. ಅನ್ನ ಮತ್ತು ಐದು ಬಗೆಯ ಪದಾರ್ಥಕ್ಕೆ 30 ಸಾವಿರ ಡಾಂಗ್, ನಮ್ಮ ನೂರು ರೂಪಾಯಿ. ಬಾಳೆಹೂವನ್ನು ಸಣ್ಣಗೆ ಹೆಚ್ಚಿ ನಿಂಬೆಹುಳಿ ಹಿಂಡಿದ ಕೋಸಂಬರಿಯಂಥದ್ದು ಇತ್ತು. ತೋಫುವನ್ನು ಟೊಮೆಟೊ ಜೊತೆ ಬೇಯಿಸಿದ್ದರು. ಆದರೆ ನಾನು ಮೂರು ದಿನ ಮತ್ತೆ ಮತ್ತೆ ಹೋದದ್ದು ಎಳೆ ಹಲಸಿನಕಾಯಿಗಾಗಿ. ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಹುರಿದ ಕಡಲೆಕಾಯಿ, ಎಳ್ಳು, ಘಮಘಮಿಸುವ ಸೊಪ್ಪು ಸೇರಿಸಿ ಕಲಸಿರುತ್ತಾರೆ. ಎಳ್ಳು ಹಾಕಿ ಕೆಂಡದಲ್ಲಿ ಸುಟ್ಟ ದೊಡ್ಡ ಅಕ್ಕಿ ಹಪ್ಪಳವನ್ನು ಮುರಿದು, ಆ ಚೂರಿನಲ್ಲೇ ಎತ್ತಿ ತಿನ್ನಬೇಕು. ತೀರ್ಥಹಳ್ಳಿಯ ತವರಿನಲ್ಲಿ ಹಲಸಿನ ಎಲ್ಲ ಅವತಾರಗಳನ್ನೂ ತಿಂದು ಬೆಳೆದವಳು ನಾನು. ಇಂಥದ್ದನ್ನು ತಿಂದಿರಲಿಲ್ಲ.

ಅಜ್ಜ ಕೆಂಡದ ಮುಂದೆ ಕುಳಿತು ಹಪ್ಪಳ ಸುಡುತ್ತಿದ್ದರು, ಅಜ್ಜಿ ಎರಡೂ ಕೈಯಲ್ಲಿ ಹಲಸು ಕಲಸುತ್ತಿದ್ದರು. ಅಜ್ಜಿ ತಲೆ ಎತ್ತದೆ “ಮಿಞ್ ಓಯ್” ಎಂದು ಕರೆದರು. ಅಜ್ಜ ಸುಟ್ಟ ಹಪ್ಪಳದ ಒಂದು ಮೂಲೆ ಮುರಿದು, ಎದ್ದು ಬಂದು ಅಜ್ಜಿಯ ಬಾಯಿಗಿಟ್ಟರು. ಸ್ವಲ್ಪ ಹೊತ್ತಿಗೆ ಅಜ್ಜ ಕರೆದರು: “ಮಿಞ್ ಓಯ್.” ಅದೇ ಮಾತು. ಇಬ್ಬರಿಗೂ ಒಂದೇ.

ನಾನು ಊಟ ಬಿಟ್ಟು ಮನೆಯೊಡತಿಗೆ ಫೋನ್ ಮಾಡಿದೆ. ‘ಮಿಞ್’ ಎಂದರೆ ಮೈ, ತಾನು ಎಂದು ಹೇಳಿದರು. ಗಂಡ ಹೆಂಡತಿಯನ್ನೂ ಹೆಂಡತಿ ಗಂಡನನ್ನೂ ಹಾಗೆ ಕರೆಯಬಹುದು. ‘ಓಯ್’ ನಮ್ಮ ‘ರೀ’ ಇದ್ದ ಹಾಗೆ, ಕರೆಯುವ ಶಬ್ದ. ಹಿರಿಯ ದಂಪತಿಗಳಲ್ಲಿ ಇದು ಹೆಚ್ಚು. ಕೆಲವರು ಮಕ್ಕಳಾದ ಮೇಲೆ ‘ಮಗುವಿನ ಅಪ್ಪ’, ‘ಮಗುವಿನ ಅಮ್ಮ’ ಎಂದೂ, ಮುಪ್ಪಿನಲ್ಲಿ ‘ಓಂಗ್’, ‘ಬಾ’, ಅಂದರೆ ಅಜ್ಜ, ಅಜ್ಜಿ ಎಂದೂ ಕರೆದುಕೊಳ್ಳುತ್ತಾರೆ. ಮಿಞ್ ಆದರೆ ಸಣ್ಣವರು ದೊಡ್ಡವರು ಎಂಬುದಿಲ್ಲ.

ಇದಕ್ಕೆ ಮಾತ್ರ ಸ್ವರ ಇಳಿಸಬೇಕು. ಇವರು ಸಮವಾಗಿ ಹೇಳಿದಾಗ ಅಜ್ಜಿ ತಲೆ ಅಲ್ಲಾಡಿಸಿ, ಹಲಸು ಮೆತ್ತಿದ ಕೈಯನ್ನು ಮೆಟ್ಟಿಲಿಳಿದಂತೆ ಮೇಲಿನಿಂದ ಕೆಳಗೆ ಇಳಿಸಿ ತೋರಿಸಿದರು. ನಾಲ್ಕನೆಯ ಸಲಕ್ಕೆ ಸರಿಯಾಯಿತು. ಇವರು ನನ್ನ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದರು. ನಾನೂ ಹೇಳಿದೆ. ಕನ್ನಡದಲ್ಲಿ ಇಬ್ಬರಿಗೂ ಒಂದೇ ಆಗುವ ಕರೆ ನಮಗೆ ಅಷ್ಟು ವರ್ಷ ಸಿಕ್ಕಿರಲಿಲ್ಲ.

ಹಾಗಾಗಿ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಇಂಥ ಮಾತನ್ನು ಆ ಭಾಷೆಯಲ್ಲಿ ಸಂಸಾರ ಮಾಡಿದವರ ಬಾಯಿಂದ ಕೇಳಿ ಕಲಿಯಿರಿ. ಉಳಿದುಕೊಳ್ಳುವುದಕ್ಕೂ ದೊಡ್ಡ ಹೋಟೆಲಿಗಿಂತ ಗದ್ದೆಯ ಕಡೆಯ ಮನೆಗಳೇ ಮೇಲು, ಅಲ್ಲಿ ಕೇಳಲು ಒಬ್ಬರಿರುತ್ತಾರೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಯಿ ಆನ್‌ಗೆ ಹೋಗಬೇಡಿ, ನದಿ ಪೇಟೆಗೇ ನುಗ್ಗುವ ಕಾಲ. ಹುಣ್ಣಿಮೆಯ ದಿನ ಆ ಓಣಿಯ ಕಡೆ ಹೋದರೆ ಹನ್ನೊಂದು ಗಂಟೆಯೊಳಗೆ ತಲುಪಿ. ಹನ್ನೆರಡಕ್ಕೆಲ್ಲ ಹಲಸು ಖಾಲಿಯಾಗಿ, ಅಜ್ಜ ಕೆಂಡಕ್ಕೆ ನೀರು ಹಾಕಿಬಿಡುತ್ತಾರೆ.